ದವಡೆಯನ್ನು ತಿದ್ದುವ ವಿದ್ಯೆ

“ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಹಲ್ಲೂ ಇದ್ದು, ಕಡಲೆಯೂ ಇದ್ದು, ಹಲ್ಲಿಗೆ ಹಲ್ಲು ಸೇರದ ಕಾರಣ ಕಡಲೆಯನ್ನು ಅಗಿಯಲಾರದ ಮೂರನೆಯ ಬಗೆಯ ಮನುಷ್ಯನೊಬ್ಬನಿದ್ದಾನೆ. ಗಾದೆ ಕಟ್ಟಿದವರು ಅವನನ್ನು ಮರೆತರು. ಅವನ ಹಲ್ಲುಗಳೆಲ್ಲವೂ ಗಟ್ಟಿಯಾಗಿವೆ, ಒಂದಾದರೂ ಹುಳುಕಾಗಿಲ್ಲ. ಆದರೂ ಬಾಯಿ ಮುಚ್ಚಿದಾಗ ಮುಂದಿನ ಹಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಇಲ್ಲವೆ ಕೆಳಗಿನ ಸಾಲು ಮೇಲಿನ ಸಾಲನ್ನು ದಾಟಿ ಮುಂದೆ ಬಂದು ನಿಲ್ಲುತ್ತದೆ. ಶಾಲೆಯಲ್ಲಿ ಹುಡುಗರು ಅವನಿಗೊಂದು ಅಡ್ಡಹೆಸರಿಡುತ್ತಾರೆ. ಮನೆಯವರು “ದೇವರು ಕೊಟ್ಟ ಮುಖ” ಎಂದು ಸಮಾಧಾನ ಹೇಳುತ್ತಾರೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಂತಹವರ ವಿಚಾರ; ಅವರ ದವಡೆಯನ್ನು ಶಸ್ತ್ರದಿಂದಲೂ, ಹಲ್ಲಿನ ಸಾಲನ್ನು ತಂತಿಯಿಂದಲೂ, ಒಂದಕ್ಕೊಂದನ್ನು ಹೊಂದಿಸಿ ತಿದ್ದುವ ವಿದ್ಯೆಯೊಂದರ ವಿಚಾರ.

ಮೊದಲು ಬಾಯಿಯ ರಚನೆಯನ್ನು ಸ್ವಲ್ಪ ನೋಡೋಣ. ನಮ್ಮ ಬಾಯಿ ಒಂದು ಬಗೆಯ ಬೀಸುವ ಕಲ್ಲು. ವ್ಯತ್ಯಾಸವಿಷ್ಟೆ: ಮನೆಯ ಬೀಸುವ ಕಲ್ಲಿನಲ್ಲಿ ಕೆಳಗಿನದು ಸ್ಥಿರ, ಮೇಲಿನದು ತಿರುಗುವುದು, ಬಾಯಲ್ಲಾದರೋ ಮೇಲ್ದವಡೆ ತಲೆಬುರುಡೆಗೆ ಬೆಸೆದುಕೊಂಡು ಸ್ಥಿರವಾಗಿದೆ, ಕೆಳದವಡೆ ಎರಡು ಕಿವಿಗಳ ಮುಂದಿರುವ ಕೀಲುಗಳ ಮೇಲೆ ಆಡುತ್ತದೆ. ಮೇಲಿನ ಹಲ್ಲಿನ ಸಾಲು ಕೆಳಗಿನದಕ್ಕಿಂತ ಸ್ವಲ್ಪ ದೊಡ್ಡದು. ಡಬ್ಬಿಯ ಮೇಲೆ ಮುಚ್ಚಳ ಕೂಡುವಂತೆ ಅದು ಕೆಳಸಾಲನ್ನು ಸುತ್ತಲೂ ತುಸುವೇ ಮುಚ್ಚಿಕೊಂಡು ಕೂಡಬೇಕು. ಎರಡು ದವಡೆಗಳೂ ಸಮನಾಗಿ ಬೆಳೆದರೆ ಇದು ತಾನಾಗಿಯೇ ಆಗುತ್ತದೆ. ಒಂದು ಹೆಚ್ಚು ಬೆಳೆದು ಮತ್ತೊಂದು ಹಿಂದುಳಿದರೆ ಹೊಂದಿಕೆ ತಪ್ಪುತ್ತದೆ. ಕೆಳದವಡೆ ಮುಂದೆ ಚಾಚುವುದು, ಕೆಳದವಡೆ ಗಿಡ್ಡಾಗಿ ಗದ್ದವೇ ಇಲ್ಲದಂತೆ ಕಾಣುವುದು, ಮೇಲ್ದವಡೆ ಉದ್ದಕ್ಕೆ ಬೆಳೆದು ನಗುವಾಗ ಒಸಡೆಲ್ಲ ಹೊರಗೆ ಬರುವುದು, ಮುಖ ಒಂದು ಪಕ್ಕಕ್ಕೆ ಸೊಟ್ಟಗಾಗುವುದು, ಹಿಂದಿನ ದವಡೆಹಲ್ಲುಗಳು ಮಾತ್ರ ತಾಗಿ ಮುಂದಿನವು ತೆರೆದೇ ಇರುವುದು, ಇವೆಲ್ಲವೂ ಈ ಹೊಂದಿಕೆ ತಪ್ಪಿದುದರ ಬೇರೆಬೇರೆ ರೂಪಗಳು.

ಇದು ಬರಿಯ ಅಂದದ ಪ್ರಶ್ನೆಯೆಂದು ತಿಳಿಯುವವರು ಬಹಳ ಮಂದಿ. ಆದರೆ ಮುಂದಿನ ಹಲ್ಲುಗಳು ಸೇರದವನು ದೋಸೆಯ ಒಂದು ಚೂರನ್ನು ಹಲ್ಲಿನಿಂದ ಕಚ್ಚಿ ತುಂಡರಿಸಲಾರ. ಬೆರಳಿನಿಂದ ಹರಿದು ಬಾಯಿಗೆ ಹಾಕಿಕೊಂಡು ಹಿಂದಿನ ಒಂದೆರಡು ಹಲ್ಲುಗಳ ಮೇಲೆಯೇ ಅಗಿಯಬೇಕು. ಕೆಲಸವೆಲ್ಲ ಆ ಒಂದೆರಡರ ಮೇಲೆಯೇ ಬಿದ್ದು ಅವು ಸವೆಯುತ್ತವೆ. ವ್ಯಾಕರಣದಲ್ಲಿ ನಾವು ಓಷ್ಠ್ಯಗಳೆಂದು ಕಲಿತ ಪ, ಬ, ಮ ಎಂಬ ಅಕ್ಷರಗಳಿಗೆ ಎರಡು ತುಟಿಗಳೂ ಕೂಡಬೇಕು. ಸಕಾರಕ್ಕೆ ನಾಲಗೆಗೂ ಮುಂದಿನ ಹಲ್ಲುಗಳಿಗೂ ನಡುವೆ ಗಾಳಿ ಹಾಯುವ ಸಣ್ಣ ಹಾದಿಯೊಂದು ಬೇಕು. ದವಡೆ ತಪ್ಪಿದವರಲ್ಲಿ ಅನೇಕರಿಗೆ ಈ ಅಕ್ಷರಗಳು ಸ್ಪಷ್ಟವಾಗಿ ಹೊರಡವು. ಕೆಳದವಡೆ ತೀರ ಹಿಂದೆ ಸರಿದಿದ್ದರೆ ಮಲಗಿದಾಗ ನಾಲಗೆ ಹಿಂದಕ್ಕೆ ಜಾರಿ ಉಸಿರಿನ ಹಾದಿಯನ್ನು ಇಕ್ಕಟ್ಟು ಮಾಡುವುದೂ ಉಂಟು; ಗೊರಕೆಯೂ, ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವುದೂ ಇದರಿಂದ ಸಂಭವಿಸಬಹುದು. ಇವೆಲ್ಲದರ ಮೇಲೆ ಜನರೆದುರಿಗೆ ಬಾಯಿ ಬಿಡುವ ಸಂಕೋಚ. ಕೈಯನ್ನು ಬಾಯಿಗೆ ಅಡ್ಡವಿಟ್ಟುಕೊಂಡು ನಗುವ ಹುಡುಗಿಯರನ್ನು ನಾವೆಲ್ಲರೂ ನೋಡಿದ್ದೇವೆ. ಅದು ಯಾವಾಗಲೂ ನಾಚಿಕೆಯ ಸ್ವಭಾವದಿಂದಲೇ ಬಂದುದಲ್ಲ.

ಈ ದೋಷಕ್ಕೆ ಕಾರಣಗಳು ಹಲವು. ಮೊದಲನೆಯದು ವಂಶಪಾರಂಪರ್ಯ. ಯೂರೋಪಿನ ಚರಿತ್ರೆಯನ್ನು ಓದಿದವರಿಗೆ ಹ್ಯಾಪ್ಸ್‌ಬರ್ಗ್ ರಾಜವಂಶದ ದವಡೆ ಪರಿಚಿತವಾದುದೇ. 1500ರಲ್ಲಿ ಹುಟ್ಟಿದ ಚಕ್ರವರ್ತಿ ಐದನೆಯ ಚಾರ್ಲ್ಸನ ಕೆಳದವಡೆ ಎಷ್ಟು ಮುಂದೆ ಚಾಚಿತ್ತೆಂದರೆ ಅವನ ಹಲ್ಲುಗಳು ಒಂದಕ್ಕೊಂದು ಸೇರುತ್ತಿರಲಿಲ್ಲವೆಂದು ಅವನ ಆಸ್ಥಾನದಲ್ಲಿದ್ದ ವೆನಿಸ್ಸಿನ ರಾಯಭಾರಿಗಳು ಬರೆದಿದ್ದಾರೆ. ಅರ್ಧ ಯೂರೋಪನ್ನು ಆಳಿದವನು ತನ್ನ ಊಟವನ್ನು ನೆಟ್ಟಗೆ ಅಗಿಯಲಾರದವನಾಗಿದ್ದನು. ಸ್ಪೇನಿನಲ್ಲಿ ಈ ಶಾಖೆ 1700ರಲ್ಲಿ ಎರಡನೆಯ ಚಾರ್ಲ್ಸನೊಡನೆ ಮುಗಿಯಿತು. ಅವನಲ್ಲಿ ಈ ದೋಷ ಇನ್ನೂ ಉಲ್ಬಣವಾಗಿತ್ತು. 2019ರಲ್ಲಿ ಸ್ಪೇನಿನ ವಿದ್ವಾಂಸರು ಈ ವಂಶದವರ ಚಿತ್ರಪಟಗಳನ್ನು ಶಸ್ತ್ರವೈದ್ಯರಿಂದ ಪರೀಕ್ಷೆ ಮಾಡಿಸಿ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಗಳು ಹೆಚ್ಚಿದಷ್ಟೂ ದವಡೆಯ ದೋಷವೂ ಹೆಚ್ಚಾಗಿ ತೋರುತ್ತದೆಂದು ಪ್ರಕಟಿಸಿದರು. ಸೋದರ ಸಂಬಂಧದಲ್ಲಿ ಹೆಣ್ಣು ತರುವ ವಾಡಿಕೆಯುಳ್ಳ ನಮ್ಮವರಿಗೂ ಇದು ಯೋಚನೆಗೆ ತಕ್ಕ ಮಾತು.

ಎರಡನೆಯ ಕಾರಣ ಬಾಲ್ಯದ ಪೆಟ್ಟು. ಇದನ್ನು ನಮ್ಮ ಮನೆಗಳಲ್ಲಿ ಸಾಕಷ್ಟು ಗಮನಿಸುವುದಿಲ್ಲ. ಮಗು ಮೆಟ್ಟಿಲಿನಿಂದಲೋ ಜಗಲಿಯಿಂದಲೋ ಬಿದ್ದು ಗದ್ದ ನೆಲಕ್ಕೆ ಬಡಿದರೆ, ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ಮರೆತುಬಿಡುತ್ತೇವೆ. ಆದರೆ ಪೆಟ್ಟಿನ ವೇಗ ದವಡೆಯ ಮೂಳೆಯ ಮೂಲಕ ಸಾಗಿ ಕಿವಿಯ ಮುಂದಿನ ಕೀಲಿಗೆ ತಾಗಿರಬಹುದು. ಆ ಕೀಲು ಕ್ರಮೇಣ ಮೂಳೆಗಟ್ಟಿ ಅಂಟಿಕೊಂಡರೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ಕೆಳದವಡೆಯ ಬೆಳವಣಿಗೆಯೂ ಕುಂಠಿತವಾಗುತ್ತದೆ. ಕಿವಿಯ ಸೋಂಕು ಕೀಲಿಗೆ ಹಬ್ಬಿದಾಗಲೂ ಹೀಗಾಗುವುದುಂಟು. ಮೂರನೆಯದು, ಸೀಳುತುಟಿ ಮತ್ತು ಸೀಳಂಗುಳದೊಡನೆ ಹುಟ್ಟಿದ ಮಕ್ಕಳ ಸ್ಥಿತಿ. ಶೈಶವದಲ್ಲಿ ಆ ಸೀಳನ್ನು ಹೊಲಿಯಲೇಬೇಕು. ಆದರೆ ಹೊಲಿದ ಜಾಗದ ಗಾಯದ ಕಲೆ ಬಿಗಿಯಾಗಿ, ಮೇಲ್ದವಡೆ ಮುಂದಕ್ಕೆ ಬೆಳೆಯುವುದನ್ನು ಎಷ್ಟೋ ವೇಳೆ ತಡೆಯುತ್ತದೆ. ಆ ಮಗು ದೊಡ್ಡದಾದ ಮೇಲೆ ಈ ವಿದ್ಯೆಯ ಸಹಾಯ ಬೇಕಾಗುವ ಸಂಭವ ಹೆಚ್ಚು.

ಹಾಗಾದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ ಗತಿಯೆ? ಹಾಗಿಲ್ಲ. ದೋಷವು ಹಲ್ಲಿನ ಸಾಲಿನಲ್ಲಿ ಮಾತ್ರ ಇದ್ದರೆ, ಜನರು ಕ್ಲಿಪ್ಪು ಹಾಕಿಸುವುದೆಂದು ಕರೆಯುವ ತಂತಿಯ ಚಿಕಿತ್ಸೆಯೇ ಸಾಕು. ಹಲ್ಲಿನ ಮೇಲೆ ಹಗುರವಾದ ಒತ್ತಡವನ್ನು ಬಹುಕಾಲ ಇಟ್ಟರೆ ಅದರ ಒಂದು ಪಕ್ಕದ ಮೂಳೆ ಕರಗಿ ಇನ್ನೊಂದು ಪಕ್ಕದಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುತ್ತದೆ. ಅಮೆರಿಕದ ಎಡ್ವರ್ಡ್ ಏಂಗಲ್ 1899ರಲ್ಲಿ ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳ ಸಂಬಂಧವನ್ನು ಅಳತೆಗೋಲಾಗಿಟ್ಟುಕೊಂಡು ಈ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಕೆಲವು ಸಲಕರಣೆಗಳಿಂದ ದವಡೆಯ ಬೆಳವಣಿಗೆಯನ್ನೇ ಸ್ವಲ್ಪಮಟ್ಟಿಗೆ ಹದಕ್ಕೆ ತರಬಹುದು. ಆದುದರಿಂದ ಮಗುವನ್ನು ಏಳೆಂಟು ವರ್ಷದಲ್ಲಿಯೇ ಒಮ್ಮೆ ತೋರಿಸುವುದು ಒಳ್ಳೆಯದು. ಆದರೆ ಬೆಳವಣಿಗೆ ಮುಗಿದು, ಮೂಳೆಗಳ ನಡುವಣ ಅಂತರವೇ ದೊಡ್ಡದಾಗಿದ್ದರೆ ತಂತಿಗೆ ಸಾಧ್ಯವಾಗುವುದು ಅಲ್ಪ. ತಂತಿಯು ಹಲ್ಲನ್ನು ಮೂಳೆಯೊಳಗೆ ಸರಿಸೀತು. ಬೆಳೆದ ದವಡೆಯನ್ನು ಎತ್ತಿ ಬೇರೆ ಕಡೆ ಇಡಲಾರದು.

ಮೂಳೆಯನ್ನೇ ಸರಿಸುವ ಸಾಹಸದ ಚರಿತ್ರೆ 1849ರಿಂದ ಮೊದಲಾಗುತ್ತದೆ. ಅಮೆರಿಕದ ವೀಲಿಂಗ್ ಎಂಬ ಊರಿನಲ್ಲಿದ್ದ ಸೈಮನ್ ಹಲಿಹೆನ್ ಎಂಬ ವೈದ್ಯನ ಬಳಿಗೆ ಬಂದ ತರುಣಿಯೊಬ್ಬಳಿಗೆ ಬಾಲ್ಯದಲ್ಲಿ ಸುಟ್ಟ ಗಾಯದ ಕಲೆ ಕುತ್ತಿಗೆಯನ್ನೂ ಗದ್ದವನ್ನೂ ಎಳೆದು ಕೆಳದವಡೆಯೇ ವಕ್ರವಾಗಿ ಬೆಳೆದಿತ್ತು. ಹಲಿಹೆನ್ ದವಡೆಯಿಂದ ಮೂಳೆಯ ತುಂಡುಗಳನ್ನು ಕೊಯ್ದು ತೆಗೆದು ಅದರ ಮುಂಭಾಗವನ್ನು ಸ್ವಸ್ಥಾನಕ್ಕೆ ತಂದನು. 1897ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ವಿಲ್ರೇ ಬ್ಲೇರ್ ಚಾಚಿದ ಕೆಳದವಡೆಯ ಎರಡು ಪಕ್ಕಗಳಿಂದಲೂ ಮೂಳೆಯನ್ನು ತೆಗೆದು ಅದನ್ನು ಹಿಂದಕ್ಕೆ ಸರಿಸಿದನು. ಮೇಲ್ದವಡೆಯ ದಾರಿಯನ್ನು ತೋರಿದ್ದು ಫ್ರಾನ್ಸಿನ ರೆನೆ ಲ ಫೋರ್. ಅವನು ಶವಗಳ ತಲೆಗೆ ಬಗೆಬಗೆಯಾಗಿ ಪೆಟ್ಟು ಕೊಟ್ಟು, ಮುಖದ ಮೂಳೆಗಳು ಎಲ್ಲೆಂದರಲ್ಲಿ ಒಡೆಯದೆ ಮೂರು ನಿಯತವಾದ ರೇಖೆಗಳಲ್ಲಿ ಬಿರುಕು ಬಿಡುತ್ತವೆಂದು 1901ರಲ್ಲಿ ತೋರಿಸಿದನು. ಪೆಟ್ಟಿನಿಂದ ಮೂಳೆ ಒಡೆಯುವ ಆ ಮೊದಲನೆಯ ರೇಖೆಯಲ್ಲಿಯೇ ಇಂದು ವೈದ್ಯರು ಮೇಲ್ದವಡೆಯನ್ನು ಬುದ್ಧಿಪೂರ್ವಕವಾಗಿ ಬಿಡಿಸುವರು. ಶಸ್ತ್ರಕ್ರಿಯೆಗೂ ಅವನ ಹೆಸರೇ ನಿಂತಿದೆ.

ಆದರೂ ಬಹುಕಾಲ ಎರಡು ತೊಡಕುಗಳಿದ್ದವು. ಕೆಳದವಡೆಯನ್ನು ಅಡ್ಡಲಾಗಿ ಕೊಯ್ದರೆ ಮೂಳೆಯ ತುದಿಗಳು ಚೆನ್ನಾಗಿ ಕೂಡಿಕೊಳ್ಳುತ್ತಿರಲಿಲ್ಲ. ಹೊರಗಿನಿಂದ ಕೊಯ್ದರೆ ಮುಖದ ಮೇಲೆ ಕಲೆ ಉಳಿಯುತ್ತಿತ್ತು. ಇದನ್ನು ಬಿಡಿಸಿದವನು ಆಸ್ಟ್ರಿಯದ ಹ್ಯೂಗೊ ಒಬ್ವೆಗೆಸರ್. ಕೆಳದವಡೆಯ ಹಿಂಭಾಗವನ್ನು ಬಾಯಿಯ ಒಳಗಿನಿಂದಲೇ, ಹಲಗೆಯೊಂದನ್ನು ಅದರ ದಪ್ಪದಲ್ಲಿ ಎರಡು ಪದರವಾಗಿ ಸೀಳುವಂತೆ ಸೀಳುವ ಕ್ರಮವನ್ನು ಅವನು 1953ರಲ್ಲಿ ಮೊದಲು ಮಾಡಿದನು; ತನ್ನ ಗುರು ಟ್ರೌನರನೊಡನೆ 1957ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಒಂದು ಪದರ ಮತ್ತೊಂದರ ಮೇಲೆ ಜಾರುವುದರಿಂದ ದವಡೆಯನ್ನು ಮುಂದಕ್ಕಾಗಲಿ ಹಿಂದಕ್ಕಾಗಲಿ ಸರಿಸಿದರೂ ಮೂಳೆಗೆ ಮೂಳೆ ಅಗಲವಾಗಿ ತಾಗಿಯೇ ಇರುತ್ತದೆ, ಬೇಗ ಕೂಡುತ್ತದೆ. ಎರಡನೆಯ ತೊಡಕು ಮೇಲ್ದವಡೆಯದು: ಅದನ್ನು ಪೂರ್ತಿಯಾಗಿ ಬಿಡಿಸಿದರೆ ರಕ್ತವಿಲ್ಲದೆ ಸತ್ತುಹೋಗದೆ? ಟೆಕ್ಸಾಸಿನ ವಿಲಿಯಂ ಬೆಲ್ ಎಂಬಾತನು 1970ರ ಆಸುಪಾಸಿನಲ್ಲಿ ಕೋತಿಗಳ ಮೇಲೆ ಪ್ರಯೋಗ ಮಾಡಿ, ಅಂಗುಳದ ಮತ್ತು ಒಸಡಿನ ಮೆದು ಭಾಗ ಅಂಟಿಕೊಂಡಿದ್ದರೆ ಅದರ ಮೂಲಕವೇ ಮೂಳೆಗೆ ಸಾಕಾದಷ್ಟು ರಕ್ತ ಹರಿಯುವುದೆಂದು ಸಿದ್ಧಪಡಿಸಿದನು. ಆ ಮೇಲೆ ಎರಡು ದವಡೆಗಳನ್ನೂ ಒಂದೇ ದಿನ ತಿದ್ದುವುದಕ್ಕೆ ಧೈರ್ಯ ಬಂದಿತು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಮೂಳೆಯನ್ನು ಶಸ್ತ್ರವೈದ್ಯನು ಸರಿಪಡಿಸುವುದಾದರೆ, ಅದಕ್ಕೆ ಮೊದಲು ವರ್ಷಗಟ್ಟಲೆ ತಂತಿ ಹಾಕಿಕೊಳ್ಳುವುದೇಕೆ? ನದಿಯಲ್ಲಿ ಎರಡು ದೋಣಿಗಳು ಒಂದರ ಹಿಂದೊಂದು ಹೋಗುತ್ತಿವೆಯೆಂದು ಭಾವಿಸಿ. ನಡುವೆ ಅಂತರವಿದೆ. ದೋಣಿಯಲ್ಲಿ ನಿಂತವರು ಹೇಗಾದರೂ ಒಬ್ಬರ ಕೈ ಒಬ್ಬರು ಹಿಡಿಯಬೇಕೆಂದು ಹಿಂದಿನ ದೋಣಿಯವರು ಮುಂದಕ್ಕೆ ಬಾಗುತ್ತಾರೆ, ಮುಂದಿನ ದೋಣಿಯವರು ಹಿಂದಕ್ಕೆ ವಾಲುತ್ತಾರೆ. ಹಲ್ಲುಗಳು ಮಾಡುವುದೂ ಇದನ್ನೇ. ಕೆಳದವಡೆ ಮುಂದೆ ಹೋದವನಲ್ಲಿ ಕೆಳಗಿನ ಬಾಚಿಹಲ್ಲುಗಳು ನಾಲಗೆಯ ಕಡೆಗೆ ಒರಗುತ್ತವೆ, ಮೇಲಿನವು ತುಟಿಯ ಕಡೆಗೆ ಚಾಚುತ್ತವೆ. ಹೀಗೆ ಮೂಳೆಯ ಕೊರತೆಯನ್ನು ಹಲ್ಲು ಕೊಂಚ ಮುಚ್ಚಿಟ್ಟಿರುತ್ತದೆ. ಇನ್ನು ದೋಣಿಗಳನ್ನು ಹತ್ತಿರ ತರುವಾಗ ಇವರು ಹಾಗೆಯೇ ಬಾಗಿ ನಿಂತಿದ್ದರೆ, ದೋಣಿಗಳು ಸರಿಯಾದ ಜಾಗಕ್ಕೆ ಬರುವ ಮೊದಲೇ ತಲೆಗೆ ತಲೆ ಬಡಿಯುವುದು. ಆದುದರಿಂದ ಮೊದಲು ಎಲ್ಲರೂ ತಮ್ಮ ತಮ್ಮ ದೋಣಿಯಲ್ಲಿ ನೆಟ್ಟಗೆ ನಿಲ್ಲಬೇಕು. ತಂತಿಯ ವೈದ್ಯನ ಮೊದಲ ಕೆಲಸ ಇದೇ: ಪ್ರತಿಯೊಂದು ಹಲ್ಲನ್ನೂ ಅದರದರ ದವಡೆಯ ಮೇಲೆ ನೆಟ್ಟಗೆ ನಿಲ್ಲಿಸುವುದು.

ಇದರ ಫಲವನ್ನು ಗಮನಿಸಿ. ಹಲ್ಲುಗಳು ನೆಟ್ಟಗೆ ನಿಂತಂತೆಲ್ಲ ಅವು ಮುಚ್ಚಿಟ್ಟಿದ್ದ ಅಂತರ ಪೂರ್ತಿಯಾಗಿ ಬಯಲಾಗುತ್ತದೆ. ಚಾಚಿದ ದವಡೆ ಇನ್ನಷ್ಟು ಚಾಚಿದಂತೆ ತೋರುತ್ತದೆ. ಅಗಿಯುವುದು ಮೊದಲಿಗಿಂತ ಕಷ್ಟವಾಗುತ್ತದೆ. ಈ ಅವಸ್ಥೆ ಸಾಮಾನ್ಯವಾಗಿ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಇರುತ್ತದೆ. ವಾಸಿಯಾಗಲೆಂದು ಹೋದವನು ವೈದ್ಯನ ಕೈಯಿಂದಲೇ ಮೊದಲಿಗಿಂತ ವಿರೂಪನಾದಂತೆ ಕಾಣುವ ಕಾಲ ಇದು. ಬಂಧುಗಳು ಬಾಯಿಗೆ ಬಂದುದನ್ನು ಆಡುವುದೂ, ರೋಗಿಯು ಧೈರ್ಯಗೆಟ್ಟು ಚಿಕಿತ್ಸೆಯನ್ನು ಬಿಡುವುದೂ ಈ ಕಾಲದಲ್ಲಿಯೇ. ಆದರೆ ಇಲ್ಲಿ ನಿಲ್ಲಿಸಿದವನು ಹೊರಟ ಜಾಗಕ್ಕಿಂತಲೂ ಹಿಂದೆ ಉಳಿದಂತಾಯಿತು. 2009ರಿಂದೀಚೆಗೆ ಜಪಾನಿನ ಸೆಂಡಾಯ್ ನಗರದ ವೈದ್ಯರ ದಾರಿಯನ್ನು ಅನುಸರಿಸಿ, ತಕ್ಕವರನ್ನು ಆರಿಸಿ ಮೊದಲು ಶಸ್ತ್ರಕ್ರಿಯೆ, ಅನಂತರ ತಂತಿ ಎಂಬ ಕ್ರಮವೂ ನಡೆಯುತ್ತಿದೆ. ಆದರೆ ಅದು ಎಲ್ಲರಿಗೂ ಒಪ್ಪುವುದಲ್ಲ.

ಇಂತಹ ಕೆಲಸದಲ್ಲಿ ಇಬ್ಬರು ವೈದ್ಯರು ಮೊದಲ ದಿನವೇ ಕುಳಿತು ಒಮ್ಮತಕ್ಕೆ ಬರಬೇಕು. ತಲೆಯನ್ನು ಒಂದೇ ನಿಲುವಿನಲ್ಲಿ ಹಿಡಿದು ಪಕ್ಕದಿಂದ ಕ್ಷ-ಕಿರಣದ ಚಿತ್ರ ತೆಗೆದು ಕೋನಗಳನ್ನು ಅಳೆಯುವ ಪದ್ಧತಿಯನ್ನು 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟನೂ ಜರ್ಮನಿಯ ಹೋಫ್ರಾತನೂ ಬೇರೆಬೇರೆಯಾಗಿ ಪ್ರಕಟಿಸಿದರು. ಇಂದು ಇದರೊಡನೆ ಗಣಕಯಂತ್ರದಲ್ಲಿ ತಲೆಬುರುಡೆಯ ಪೂರ್ಣ ಆಕಾರವನ್ನು ರಚಿಸಿ, ಮೂಳೆಯನ್ನು ಎಷ್ಟು ಮಿಲಿಮೀಟರು, ಯಾವ ದಿಕ್ಕಿಗೆ ಸರಿಸಬೇಕೆಂದು ಮೊದಲೇ ಲೆಕ್ಕ ಹಾಕುವರು. ಬೆಳವಣಿಗೆ ನಿಂತಿದೆಯೆಂದು ಖಚಿತಪಡಿಸಿಕೊಳ್ಳುವುದು ಬಹು ಮುಖ್ಯ. ಹುಡುಗಿಯರಲ್ಲಿ ಅದು ಬೇಗ ಮುಗಿಯುವುದು. ಹುಡುಗರಲ್ಲಿ, ಅದರಲ್ಲಿಯೂ ಚಾಚಿದ ಕೆಳದವಡೆಯವರಲ್ಲಿ, ಇಪ್ಪತ್ತರ ಸಮೀಪದವರೆಗೂ ಮುಂದುವರಿಯಬಹುದು. ಅವಸರಪಟ್ಟು ಮೊದಲೇ ಕೊಯ್ದರೆ ದವಡೆ ಮತ್ತೆ ಬೆಳೆದು ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಶಸ್ತ್ರಕ್ರಿಯೆಯ ದಿನ ರೋಗಿಯನ್ನು ಪೂರ್ಣವಾಗಿ ಮೂರ್ಛೆಗೊಳಿಸಿ, ಉಸಿರಾಟದ ನಳಿಕೆಯನ್ನು ಸಾಮಾನ್ಯವಾಗಿ ಮೂಗಿನಿಂದ ಇಳಿಸುವರು; ಬಾಯಿ ಕೆಲಸಕ್ಕೆ ಬಿಡುವಾಗಿರಬೇಕಲ್ಲವೆ? ಕೊಯ್ತವೆಲ್ಲ ಹೆಚ್ಚುಕಡಿಮೆ ಬಾಯಿಯ ಒಳಗೇ ಆಗುವುದರಿಂದ ಮುಖದ ಮೇಲೆ ಹೇಳಿಕೊಳ್ಳುವಂತಹ ಕಲೆ ಉಳಿಯದು. ಮೇಲ್ದವಡೆಯನ್ನು ಹಲ್ಲಿನ ಬೇರುಗಳಿಗಿಂತ ಮೇಲೆ ಬಿಡಿಸಿ ಸರಿಸುವರು. ಕೆಳದವಡೆಯನ್ನು ಎರಡು ಪಕ್ಕಗಳಲ್ಲಿಯೂ ಸೀಳಿ ಸರಿಸುವರು. ಮೊದಲೇ ತಯಾರಿಸಿದ ತೆಳುವಾದ ಹಲ್ಲಚ್ಚೊಂದನ್ನು ಎರಡು ಸಾಲುಗಳ ನಡುವೆ ಇಟ್ಟು, ಮೂಳೆ ಲೆಕ್ಕದಂತೆ ಕುಳಿತಿತೆಂದು ನೋಡಿ, ಟೈಟೇನಿಯಂ ಲೋಹದ ಸಣ್ಣ ಪಟ್ಟಿಗಳಿಂದಲೂ ತಿರುಪುಮೊಳೆಗಳಿಂದಲೂ ಬಿಗಿಯುವರು. ಈ ಪಟ್ಟಿಗಳು ಬಳಕೆಗೆ ಬರುವ ಮೊದಲು ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟಿ ಸುಮಾರು ಆರು ವಾರ ಬಾಯಿಯನ್ನೇ ತೆರೆಯದಂತೆ ಇಡುತ್ತಿದ್ದರು. ಈಗ ಬಹುಪಾಲು ಸಣ್ಣ ರಬ್ಬರಿನ ಉಂಗುರಗಳೇ ಸಾಕು. ಮೊದಲು ಗಂಜಿ, ಸಾರು, ಹಾಲು; ಆ ಮೇಲೆ ಮೆತ್ತಗೆ ಕಲಸಿದ ಅನ್ನ; ಮೂಳೆ ಕೂಡುವ ಆರೇಳು ವಾರಗಳವರೆಗೆ ಗಟ್ಟಿ ಪದಾರ್ಥಗಳಿಗೆ ರಜೆ. ಅನಂತರ ಅರ್ಧ ವರ್ಷದಿಂದ ಒಂದು ವರ್ಷ ಮತ್ತೆ ತಂತಿಯ ಸೂಕ್ಷ್ಮವಾದ ಕೆಲಸ. ಕಡೆಗೆ ಹಲ್ಲುಗಳು ಹಳೆಯ ಜಾಗಕ್ಕೆ ಓಡದಂತೆ ಹಿಡಿದಿಡುವ ಪಟ್ಟಿ. ಒಟ್ಟಿನಲ್ಲಿ ಎರಡರಿಂದ ಮೂರು ವರ್ಷಗಳ ವ್ರತ.

ಇದರ ಅಪಾಯಗಳನ್ನೂ ಮುಚ್ಚಿಡಬಾರದು. ಮುಖದ ಊತ ವಾರಗಟ್ಟಲೆ ಇರುತ್ತದೆ. ಕೆಳದುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರವು ಕೆಳದವಡೆಯ ಮೂಳೆಯೊಳಗೇ ಹಾಯುವುದರಿಂದ, ಅದನ್ನು ಸೀಳಿದ ಮೇಲೆ ಆ ಭಾಗ ಜೋಮು ಹಿಡಿದಂತಿರುವುದು ಸಾಮಾನ್ಯ. ಅನೇಕರಿಗೆ ಅದು ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ; ಕೆಲವರಿಗೆ ಸ್ವಲ್ಪಮಟ್ಟಿಗೆ ಶಾಶ್ವತವಾಗಿಯೇ ನಿಲ್ಲುವುದುಂಟು. ರಕ್ತಸ್ರಾವ, ಸೋಂಕು, ಸರಿಸಿದ ಮೂಳೆ ಸ್ವಲ್ಪ ಹಿಂದಿರುಗುವುದು ಇವೂ ಸಂಭವಿಸಬಹುದು. ಇನ್ನೊಂದು ಮಾತು: ಊತ ಇಳಿದು ಕನ್ನಡಿಯಲ್ಲಿ ಬೇರೆ ಮುಖವೊಂದನ್ನು ಕಂಡಾಗ ಎಲ್ಲರಿಗೂ ಕೂಡಲೇ ಸಂತೋಷವಾಗುವುದಿಲ್ಲ. ಇಪ್ಪತ್ತು ವರ್ಷ ತನ್ನದೆಂದು ತಿಳಿದಿದ್ದ ಮುಖ ಹೋಗಿ ಮತ್ತೊಂದು ಬಂದಾಗ ಅದನ್ನು ತನ್ನದಾಗಿ ಮಾಡಿಕೊಳ್ಳಲು ಮನಸ್ಸಿಗೂ ಕಾಲ ಬೇಕು.

ಆದುದರಿಂದ ನಿರ್ಧಾರ ಯಾರದಾಗಿರಬೇಕೆಂಬುದು ಮುಖ್ಯವಾದ ಪ್ರಶ್ನೆ. ನಮ್ಮಲ್ಲಿ ಹೆಣ್ಣಿಗೆ ಗಂಡು ಹುಡುಕುವ ಕಾಲಕ್ಕೆ ತಂದೆತಾಯಿಗಳಿಗೆ ಮಗಳ ದವಡೆಯ ನೆನಪಾಗುತ್ತದೆ. “ಮುಂದಿನ ಲಗ್ನಸಾಲಿನೊಳಗೆ ಮುಗಿಸಿಕೊಡಿ, ಡಾಕ್ಟರೇ” ಎಂದು ಕೇಳುವುದುಂಟು. ಮೂಳೆ ಪಂಚಾಂಗವನ್ನು ನೋಡಿ ಕೂಡುವುದಿಲ್ಲ. ಅವಸರದ ಚಿಕಿತ್ಸೆ ನಡುವೆ ನಿಂತರೆ ಅನುಭವಿಸುವವಳು ಆ ಹುಡುಗಿ. ತುಟಿ ಜೋಮು ಹಿಡಿದರೆ ಅದೂ ಅವಳ ತುಟಿಯೇ. ಇದಕ್ಕೆ ತದ್ವಿರುದ್ಧವಾಗಿ, ಅಗಿಯಲಾರದೆ, ನಿದ್ರೆಯಲ್ಲಿ ಉಸಿರು ಕಟ್ಟಿ ಕಷ್ಟಪಡುತ್ತಿರುವ ಮಗನಿಗೆ “ಗಂಡಸಿಗೆ ಅಂದವೇಕೆ?” ಎಂದು ಗದರಿ ಸುಮ್ಮನಾಗಿಸುವವರೂ ಇದ್ದಾರೆ. ಎರಡೂ ಅನ್ಯಾಯವೇ. ವಯಸ್ಸಿಗೆ ಬಂದ ಹುಡುಗನಾಗಲಿ ಹುಡುಗಿಯಾಗಲಿ ಇಬ್ಬರು ವೈದ್ಯರೆದುರಿಗೂ ಕುಳಿತು ಎಲ್ಲವನ್ನೂ ಕೇಳಿಕೊಂಡು ತಾವೇ ಹೂಂ ಎನ್ನಬೇಕು, ಇಲ್ಲವೆ ಬೇಡವೆನ್ನಬೇಕು. ಬೇಡವೆಂದು ತಮ್ಮ ಮುಖದೊಡನೆ ನೆಮ್ಮದಿಯಾಗಿ ಬಾಳುವವರನ್ನು ಪೀಡಿಸುವ ಅಧಿಕಾರ ನಮಗಾರಿಗೂ ಇಲ್ಲ.

ಹೂಂ ಎನ್ನುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು: ನನ್ನ ದೋಷ ಹಲ್ಲಿನದೊ, ಮೂಳೆಯದೊ? ಬೆಳವಣಿಗೆ ನಿಂತಿದೆಯೆಂದು ಹೇಗೆ ತಿಳಿದಿರಿ? ಶಸ್ತ್ರವೈದ್ಯರೂ ತಂತಿಯ ವೈದ್ಯರೂ ಒಂದೇ ಯೋಜನೆಗೆ ಒಪ್ಪಿದ್ದೀರಾ? ಒಟ್ಟು ಕಾಲವೆಷ್ಟು, ಒಟ್ಟು ವೆಚ್ಚವೆಷ್ಟು? ಮಾಡಿಸಿಕೊಳ್ಳದಿದ್ದರೆ ಏನಾಗುವುದು? ನಮ್ಮ ನಾಡಿನ ದಂತವೈದ್ಯ ಕಾಲೇಜುಗಳಲ್ಲಿ ಈ ಎರಡು ಶಾಖೆಗಳೂ ಒಂದೇ ಸೂರಿನ ಕೆಳಗಿರುವುದರಿಂದ ಇಂತಹ ವಿಚಾರಣೆಗೆ ಅವು ಒಳ್ಳೆಯ ಸ್ಥಳಗಳು. ವೆಚ್ಚವನ್ನು ಮೊದಲೇ ಕೇಳುವುದರಲ್ಲಿ ನಾಚಿಕೆಯಿಲ್ಲ. ಹಣ ಸಾಲದೆ ನಡುದಾರಿಯಲ್ಲಿ ನಿಲ್ಲುವುದಕ್ಕಿಂತ ಹಣ ಕೂಡಿಸಿಕೊಂಡು ಒಂದೆರಡು ವರ್ಷ ತಡವಾಗಿ ಹೊರಡುವುದು ಮೇಲು.

ಶ್ರೋತೃಗಳೇ, ಕೊನೆಗೆ ಒಂದೇ ಬಿನ್ನಹ. ಇಂತಹ ಚಿಕಿತ್ಸೆಯ ನಡುವಿನಲ್ಲಿರುವ ತರುಣನೋ ತರುಣಿಯೋ ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಕಾಲೇಜಿನಲ್ಲಿ ಕಂಡುಬಂದರೆ, “ಮೊದಲೇ ಚೆನ್ನಾಗಿತ್ತಲ್ಲ, ಏಕಿಷ್ಟು ಕೆಡಿಸಿಕೊಂಡೆ?” ಎಂದು ಕೇಳಬೇಡಿ. ಅವರು ಹಾದುಹೋಗುತ್ತಿರುವ ಆ ಒಂದೂವರೆ ವರ್ಷದಲ್ಲಿ ತಂತಿ ಮತ್ತು ಶಸ್ತ್ರಗಳಷ್ಟೇ ಅಗತ್ಯವಾದುದು ಸುತ್ತಲಿನವರ ಸೌಜನ್ಯ. ಅದನ್ನು ಕೊಡಲು ನಾವು ಯಾರೂ ವೈದ್ಯರಾಗಿರಬೇಕಾಗಿಲ್ಲ.